ಚೆಂಡು ನೆಟ್‌ಗೋ, ಆಕಾಶಕ್ಕೋ? ಸರ್ವ್ ರಿಟರ್ನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಟೇಬಲ್ ಟೆನಿಸ್ ಸರ್ವ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಸರ್ವ್ ಮಾಡಿ ಗೆಲ್ಲುವವರಿಗಿಂತ ಸರ್ವ್‌ಗೆ ಬಲಿಯಾಗುವವರೇ ಜಾಸ್ತಿ ಇದ್ದ ಹಾಗಿದೆ. ಸರಿ, ಈ ಸಲ ಪೂರ್ತಿ ಅದೇ. 11 ಪಾಯಿಂಟಿನ ಗೇಮಿನಲ್ಲಿ ಎರಡೆರಡು ಪಾಯಿಂಟಿಗೆ ಸರ್ವ್ ಕೈ ಬದಲಾಗುತ್ತದೆ. ಅಂದರೆ ಹೆಚ್ಚುಕಮ್ಮಿ ಅರ್ಧ ಆಟ ನೀವು ರಿಸೀವ್ ಮಾಡುತ್ತಲೇ ಇರುತ್ತೀರಿ. ಆದರೂ ಅಭ್ಯಾಸಕ್ಕೆ ಬಂದವರು ಏನು ಮಾಡುತ್ತಾರೆ? ಫೋರ್‌ಹ್ಯಾಂಡಿಗೆ ಫೋರ್‌ಹ್ಯಾಂಡ್ ಟಕಟಕ ಅರ್ಧ ಗಂಟೆ, ಆಮೇಲೆ ಸೀದಾ ಮ್ಯಾಚು. ರಿಸೀವ್‌ಗೆ ಐದು ನಿಮಿಷವೂ ಇಲ್ಲ. (ಬೇರೆ ಹೇಳದಿದ್ದರೆ ಕೆಳಗಿನದ್ದೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ತಿರುಗಿಸಿ ಓದಿಕೊಳ್ಳಿ, ನಿಮಗೆ ಅದು ಅಭ್ಯಾಸವಾಗಿರುತ್ತದೆ.)

ಪ್ರಶ್ನೆ: ಎರಡು ವರ್ಷದಿಂದ ಆಡುತ್ತಿದ್ದೇನೆ. ರ‍್ಯಾಲಿ ಶುರುವಾದರೆ ಪರವಾಗಿಲ್ಲ. ಆದರೆ ಎದುರಿನವರು ಯಾವ ಸ್ಪಿನ್ ಹಾಕಿದರು ಅಂತಲೇ ಗೊತ್ತಾಗುವುದಿಲ್ಲ. ಒಂದು ಚೆಂಡು ನೆಟ್‌ಗೆ ಬೀಳುತ್ತದೆ, ಇನ್ನೊಂದು ಆಕಾಶಕ್ಕೆ ಹಾರುತ್ತದೆ. ಎಲ್ಲಿ ನೋಡಬೇಕು?

ಬ್ಯಾಟು ಚೆಂಡಿಗೆ ತಾಗುವ ಆ ಒಂದು ಕ್ಷಣವನ್ನು ನೋಡಬೇಕು. ಅದಕ್ಕೆ ಮುಂಚಿನದ್ದೂ ನಾಟಕ, ಆಮೇಲಿನದ್ದೂ ನಾಟಕ. ಚೆನ್ನಾಗಿ ಸರ್ವ್ ಮಾಡುವವರು ಚೆಂಡಿನ ಕೆಳಗೆ ಉಜ್ಜಿದ ಮರುಕ್ಷಣವೇ ಬ್ಯಾಟನ್ನು ಮೇಲಕ್ಕೆ ಬೀಸುತ್ತಾರೆ, ನೀವು ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಸುತ್ತು) ಅಂದುಕೊಳ್ಳಲಿ ಅಂತ. ಕೆಲವರು ಕಾಲನ್ನು ದಬ್ ಅಂತ ನೆಲಕ್ಕೆ ಕುಟ್ಟುತ್ತಾರೆ. ಅದು ಸುಮ್ನೆ ಅಲ್ಲ. ಬ್ಯಾಟಿಗೆ ಚೆಂಡು ತಾಗಿದ ಸದ್ದು ಮುಚ್ಚಿಹೋಗಲಿ ಅಂತ.

ನಾನು ಇದನ್ನು ಕಲಿತದ್ದು ಮಾನ ಕಳೆದುಕೊಂಡೇ. ಒಂದು ಟೂರ್ನಮೆಂಟಿನಲ್ಲಿ ನನಗಿಂತ ಎಷ್ಟೋ ದೊಡ್ಡವರೊಬ್ಬರು ಎದುರಿಗೆ ಸಿಕ್ಕರು. ಓಡಾಟವೇ ಇಲ್ಲ, ಹೊಡೆತವೂ ಇಲ್ಲ. ಸುಲಭ ಅಂದುಕೊಂಡೆ. ಅವರ ಹತ್ತಿರ ಇದ್ದದ್ದು ಒಂದೇ ಸರ್ವ್, ಅಥವಾ ನಾನು ಒಂದೇ ಅಂದುಕೊಂಡಿದ್ದೆ. ಒಮ್ಮೆ ಪುಶ್ ಮಾಡಿದರೆ, ಅಂದರೆ ಚೆಂಡಿನ ಕೆಳಗೆ ಉಜ್ಜಿ ಮೆಲ್ಲಗೆ ಮುಂದಕ್ಕೆ ತಳ್ಳಿದರೆ, ನೆಟ್‌ಗೆ. ಬ್ಯಾಟು ಇನ್ನಷ್ಟು ತೆರೆದು (ಮುಖ ಮೇಲಕ್ಕೆ ವಾಲಿಸಿ) ಮತ್ತೊಮ್ಮೆ ಪುಶ್ ಮಾಡಿದರೆ ಚೆಂಡು ಬಲೂನಿನ ಹಾಗೆ ಮೇಲೆದ್ದು ಹೋಗಿ, ಅವರು ನಿಂತ ಜಾಗದಲ್ಲೇ ನಿಂತು ಬಡಿದರು. ಗೇಮ್ ಮುಗಿಯುವವರೆಗೂ ನಾನು ಅವರ ಕಾಲು, ಭುಜ, ಮುಖ ಎಲ್ಲ ನೋಡಿದೆ, ಬ್ಯಾಟು ಮಾತ್ರ ನೋಡಲಿಲ್ಲ. ಆಮೇಲೆ ಅವರೇ ನಗುತ್ತಾ ತೋರಿಸಿದರು. ಕೈ ಬೀಸುವುದು ಒಂದೇ ತರಹ, ಆದರೆ ಒಂದು ಸಲ ಚೆಂಡು ಬ್ಯಾಟಿನ ತುದಿಯ ಹತ್ತಿರ ತೆಳ್ಳಗೆ ಉಜ್ಜಿಸಿಕೊಳ್ಳುತ್ತದೆ, ಇನ್ನೊಂದು ಸಲ ಹಿಡಿಯ ಹತ್ತಿರ ದಪ್ಪಗೆ ತಾಗುತ್ತದೆ. ಮೊದಲನೆಯದರಲ್ಲಿ ಹೆವಿ ಬ್ಯಾಕ್‌ಸ್ಪಿನ್ (ಚೆಂಡು ಹಿಂದಕ್ಕೆ ಸುತ್ತುವುದು), ಎರಡನೆಯದರಲ್ಲಿ ಸ್ಪಿನ್ನೇ ಇಲ್ಲ. ಬ್ಯಾಟಿನ ತುದಿ ಹಿಡಿಗಿಂತ ಜೋರಾಗಿ ಚಲಿಸುತ್ತದೆ, ಅಷ್ಟೇ ಗುಟ್ಟು.

ಇನ್ನು ಸ್ಪಿನ್ ಗೊತ್ತಾದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಒಂದೇ ಒಂದು ಸೂತ್ರ ಸಾಕು. ಎದುರಿನವರ ಬ್ಯಾಟು ಯಾವ ಕಡೆಗೆ ಹೋಯಿತೋ, ನಿಮ್ಮ ಬ್ಯಾಟಿಗೆ ತಾಗಿದ ಚೆಂಡೂ ಆ ಕಡೆಗೇ ಹೋಗಲು ನೋಡುತ್ತದೆ. ಅವರ ಬ್ಯಾಟು ಕೆಳಗೆ ಹೋದರೆ ಚೆಂಡು ಕೆಳಗೆ, ಅಂದರೆ ನೆಟ್‌ಗೆ. ಮೇಲೆ ಹೋದರೆ ಚೆಂಡು ಮೇಲೆ. ಅವರ ಬ್ಯಾಟು ಅವರ ಬಲದಿಂದ ಎಡಕ್ಕೆ ಹೋದರೆ ಚೆಂಡು ಅವರ ಎಡಕ್ಕೆ, ಅಂದರೆ ನಿಮ್ಮ ಬಲಕ್ಕೆ ಜಾರುತ್ತದೆ. ಆದ್ದರಿಂದ ನೀವು ಗುರಿ ಇಡಬೇಕಾದ್ದು ಅವರ ಬ್ಯಾಟು ಹೊರಟ ಜಾಗದ ಕಡೆಗೆ. ಬಲಗೈಯವರ ಮಾಮೂಲಿ ಪೆಂಡುಲಮ್ ಸರ್ವ್ (ಗಡಿಯಾರದ ಲೋಲಕದ ಹಾಗೆ ಬ್ಯಾಟನ್ನು ಬಲದಿಂದ ಎಡಕ್ಕೆ ಬೀಸುವುದು) ಬಂದರೆ ಅವರ ಫೋರ್‌ಹ್ಯಾಂಡ್ ಕಡೆಗೆ, ಅಂದರೆ ಅವರ ಬಲಕ್ಕೆ, ಬ್ಯಾಟು ತಿರುಗಿಸಿ. ರಿವರ್ಸ್ ಪೆಂಡುಲಮ್ ಆದರೆ ಉಲ್ಟಾ. ಹೆಸರು ಗೊತ್ತಿಲ್ಲದ ವಿಚಿತ್ರ ಸರ್ವ್ ಬಂದರೂ ಇದೇ ಲೆಕ್ಕ ನಡೆಯುತ್ತದೆ.

ಯಾಕೆ ಹೀಗೆ? ಸೈಕಲ್ ಚಕ್ರ ನೆಲವನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ಹೋಗುತ್ತದಲ್ಲ, ಹಾಗೇ. ಬ್ಯಾಕ್‌ಸ್ಪಿನ್ ಚೆಂಡಿನಲ್ಲಿ ನಿಮ್ಮ ಕಡೆ ಇರುವ ಮೈ ಮೇಲ್ಮುಖವಾಗಿ ಸುತ್ತುತ್ತಿರುತ್ತದೆ. ಅದು ನಿಮ್ಮ ರಬ್ಬರನ್ನು ಮೇಲಕ್ಕೆ ಉಜ್ಜಿ ತಾನು ಕೆಳಕ್ಕೆ ಇಳಿಯುತ್ತದೆ.

ತಾಗುವ ಕ್ಷಣ ತಪ್ಪಿಹೋದರೆ ಆಟ ಮುಗಿದಂತಲ್ಲ. ಚೆಂಡೇ ಇನ್ನಷ್ಟು ಸುಳಿವು ಕೊಡುತ್ತದೆ. ಚೆಂಡಿನ ಮೇಲೆ ಕಂಪನಿಯ ಮುದ್ರೆ ಇರುತ್ತದೆ. ಅದು ಓದಲು ಬರುವಷ್ಟು ಸ್ಪಷ್ಟವಾಗಿ ತೇಲಿ ಬಂದರೆ ಸ್ಪಿನ್ ಇಲ್ಲ, ಮಸುಕಾಗಿ ಕಂಡರೆ ಸ್ಪಿನ್ ಜಾಸ್ತಿ. (ಒಳ್ಳೆಯ ಬೆಳಕಿರಬೇಕು, ಮುದ್ರೆ ನಿಮ್ಮ ಕಡೆಗೂ ಇರಬೇಕು. ಇದನ್ನೇ ನಂಬಿ ಕೂರಬೇಡಿ.) ಮೇಜಿನ ಮೇಲೆ ಪುಟಿದ ಮೇಲೆ ಚೆಂಡು ಹಿಂಜರಿದ ಹಾಗೆ ನಿಧಾನವಾದರೆ ಬ್ಯಾಕ್‌ಸ್ಪಿನ್. ಒದ್ದ ಹಾಗೆ ಮುಂದಕ್ಕೆ ನುಗ್ಗಿದರೆ ಟಾಪ್‌ಸ್ಪಿನ್.

ಕೊನೆಗೆ ಒಂದು ಮಾತು: ಆ ಸರ್ವ್ ಅನ್ನು ನೀವೇ ಮಾಡಲು ಕಲಿಯಿರಿ. ಕೆಟ್ಟದಾಗಿ ಬಂದರೂ ಪರವಾಗಿಲ್ಲ. ನಿಮ್ಮ ಕೈಗೆ ಗೊತ್ತಾದದ್ದು ಕಣ್ಣಿಗೆ ಬೇಗ ಕಾಣುತ್ತದೆ.

ಪ್ರಶ್ನೆ: ನೆಟ್ ಹತ್ತಿರ ಬೀಳುವ ಶಾರ್ಟ್ ಸರ್ವ್ ಪುಶ್ ಮಾಡುತ್ತೇನೆ, ಪ್ರತಿ ಸಲ ಎತ್ತರಕ್ಕೆ ಹೋಗುತ್ತದೆ, ಮರುಕ್ಷಣ ಸ್ಮ್ಯಾಶ್. ಬ್ಯಾಟಿನ ಕೋನ ತಪ್ಪೇ?

ಕೋನ ತಪ್ಪಿರಬಹುದು. ಆದರೆ ನಾನು ಮೊದಲು ನೋಡುವುದು ಕಾಲನ್ನು. ಬಹಳ ಜನ ನಿಂತಲ್ಲೇ ನಿಂತು ಸೊಂಟ ಬಗ್ಗಿಸಿ ಕೈ ಚಾಚುತ್ತಾರೆ, ಕೈ ಪೂರ್ತಿ ಉದ್ದವಾದ ಮೇಲೆ ಮಣಿಕಟ್ಟಿಗೆ ಯಾವ ಹಿಡಿತವೂ ಉಳಿಯುವುದಿಲ್ಲ, ಚೆಂಡು ಇಳಿಯುವ ಹೊತ್ತಿಗೆ ಹೇಗೋ ತಾಗಿಸುತ್ತಾರೆ, ಆಗ ಅದನ್ನು ಎತ್ತದೆ ಬೇರೆ ದಾರಿಯೇ ಇರುವುದಿಲ್ಲ. ಬಲಗಾಲನ್ನು ಮೇಜಿನ ಅಡಿಗೆ ಇಡಿ. ನಿಜವಾಗಿ ಅಡಿಗೆ, ಹತ್ತಿರಕ್ಕಲ್ಲ. ಮೈ ಚೆಂಡಿನ ಹತ್ತಿರ ಹೋಗಬೇಕು, ಮೊಣಕೈ ಇನ್ನೂ ಸ್ವಲ್ಪ ಮಡಚಿರಬೇಕು. ಹೊಡೆದ ತಕ್ಷಣ ಅದೇ ಕಾಲಿನಿಂದ ತಳ್ಳಿ ಹಿಂದಕ್ಕೆ ಬನ್ನಿ. ಈ ಹಿಂದಕ್ಕೆ ಬರುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಚೆನ್ನಾಗಿ ಪುಶ್ ಮಾಡಿ ಅಲ್ಲೇ ಮೇಜಿಗೆ ಅಂಟಿಕೊಂಡು ನಿಂತು, ಹೊಟ್ಟೆಗೆ ಬಂದ ಮುಂದಿನ ಚೆಂಡನ್ನು ಬಿಡುತ್ತಾರೆ.

ಎರಡನೆಯದು ಸಮಯ. ಚೆಂಡು ನಿಮ್ಮ ಕಡೆ ಪುಟಿದು ಇನ್ನೂ ಏಳುತ್ತಿರುವಾಗಲೇ ತಾಗಿಸಿ. ತಡ ಮಾಡಿದಷ್ಟೂ ಚೆಂಡು ಕೆಳಗೆ ಇಳಿಯುತ್ತದೆ, ಎತ್ತುವ ಕೆಲಸ ಜಾಸ್ತಿ ಆಗುತ್ತದೆ.

ಮೂರನೆಯದು ಹಿಡಿತ. ಬ್ಯಾಟನ್ನು ಗಟ್ಟಿಯಾಗಿ ಹಿಡಿದರೆ ರಬ್ಬರು ಚೆಂಡನ್ನು ಚಿಮ್ಮಿಸುತ್ತದೆ. ಯಾರಾದರೂ ಎಳೆದರೆ ಬ್ಯಾಟು ಕೈಯಿಂದ ಜಾರಿ ಹೋಗಬೇಕು, ಆದರೆ ತಾನಾಗಿ ಬೀಳಬಾರದು, ಅಷ್ಟು ಸಡಿಲ. ಹೀಗೆ ಸಡಿಲವಾಗಿ ಹಿಡಿದು, ಏಳುತ್ತಿರುವ ಚೆಂಡಿಗೆ ಬ್ಯಾಟನ್ನು ಹೆಚ್ಚು ಬೀಸದೆ ಸುಮ್ನೆ ಇಟ್ಟು ನೋಡಿ. ಚೆಂಡು ಅವರ ಕಡೆ ನೆಟ್ ಹತ್ತಿರವೇ ಬಿದ್ದು ಎರಡು ಸಲ ಪುಟಿಯುತ್ತದೆ. ಇದನ್ನು ಶಾರ್ಟ್ ಪುಶ್ ಅನ್ನುತ್ತಾರೆ. ಸರ್ವ್ ಮಾಡಿದವರಿಗೆ ಇದಕ್ಕಿಂತ ಕಿರಿಕಿರಿ ಬೇರೆ ಇಲ್ಲ. ಅವರು ಮೂರನೇ ಚೆಂಡು (ಸರ್ವ್, ರಿಟರ್ನ್ ಆದ ಮೇಲಿನ ತಮ್ಮ ಹೊಡೆತ) ಬಡಿಯಲು ಹಿಂದೆ ಸರಿದು ಕಾದು ನಿಂತಿರುತ್ತಾರೆ, ಚೆಂಡು ಮಾತ್ರ ಅವರ ಹತ್ತಿರ ಬರುವುದೇ ಇಲ್ಲ.

ಶಾರ್ಟ್ ಬರದಿದ್ದರೆ ಪೂರ್ತಿ ಉದ್ದಕ್ಕೆ ಪುಶ್ ಮಾಡಿ, ಅವರ ಕಡೆಯ ಕೊನೆಯ ಗೆರೆಯ ಹತ್ತಿರ ಬೀಳುವಂತೆ. ಗುರಿ ಯಾವ ಮೂಲೆಯೂ ಅಲ್ಲ, ಅವರ ಬ್ಯಾಟು ಹಿಡಿದ ಕೈಯ ಮೊಣಕೈ. ಅಲ್ಲಿಗೆ ಬಂದ ಚೆಂಡನ್ನು ಫೋರ್‌ಹ್ಯಾಂಡಿನಲ್ಲಿ ಆಡಲೋ ಬ್ಯಾಕ್‌ಹ್ಯಾಂಡಿನಲ್ಲೋ ಅಂತ ಅವರು ಒಂದು ಕ್ಷಣ ತಡವರಿಸುತ್ತಾರೆ. ಅತ್ತ ಶಾರ್ಟೂ ಅಲ್ಲ ಇತ್ತ ಉದ್ದವೂ ಅಲ್ಲ ಅನ್ನುವ ಪುಶ್ ಮಾತ್ರ ಬೇಡ. ಅದನ್ನು ಯಾರು ಬೇಕಾದರೂ ಬಡಿಯುತ್ತಾರೆ.

ಇನ್ನು ನಿಮ್ಮ ಪತ್ರದಲ್ಲಿ ‘ಪ್ರತಿ ಸಲ’ ಅಂತ ಬರೆದಿದ್ದೀರಿ. ಹಾಗಾದರೆ ಅವರು ಬಹುಶಃ ಸ್ಪಿನ್ನೇ ಹಾಕುತ್ತಿಲ್ಲ. ಬ್ಯಾಕ್‌ಸ್ಪಿನ್ ಬರುತ್ತದೆ ಅಂತ ನೀವು ಬ್ಯಾಟು ತೆರೆದು ಕೆಳಗಿನಿಂದ ಉಜ್ಜುತ್ತೀರಿ, ಚೆಂಡು ಖಾಲಿ ಬರುತ್ತದೆ, ಮೇಲೇಳುತ್ತದೆ. ಖಾಲಿ ಚೆಂಡಿಗೆ ಬ್ಯಾಟು ಸ್ವಲ್ಪ ನೆಟ್ಟಗೆ ಮಾಡಿ ಮುಂದಕ್ಕೆ ತಳ್ಳಿ. ಧೈರ್ಯ ಇದ್ದರೆ ಫ್ಲಿಕ್ ಮಾಡಿ (ಮೇಜಿನ ಮೇಲೆಯೇ ಮಣಿಕಟ್ಟಿನಿಂದ ಚಕ್ಕನೆ ಹೊಡೆಯುವುದು), ಸ್ಪಿನ್ ಇಲ್ಲದ ಶಾರ್ಟ್ ಚೆಂಡಿಗಿಂತ ಸುಲಭದ ಫ್ಲಿಕ್ ಸಿಗುವುದಿಲ್ಲ.

ಪ್ರಶ್ನೆ: ಬ್ಯಾಕ್‌ಹ್ಯಾಂಡ್ ಮೂಲೆಗೆ ವೇಗದ ಲಾಂಗ್ ಸರ್ವ್ ಬಂದರೆ ಕೈ ಏಳುವುದೇ ಇಲ್ಲ. ರಿಯಾಕ್ಷನ್ ನಿಧಾನ ಅನ್ನಿಸುತ್ತದೆ.

ರಿಯಾಕ್ಷನ್ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ, ಅದು ನಿಂತ ಜಾಗದ ತಪ್ಪು. ಮೇಜಿಗೆ ಹೊಟ್ಟೆ ತಾಗುವ ಹಾಗೆ ನಿಂತರೆ ವೇಗದ ಚೆಂಡಿಗೆ ಯಾರ ಕೈಯೂ ಏಳುವುದಿಲ್ಲ. ಮೇಜಿನಿಂದ ಸುಮಾರು ಒಂದು ಕೈ ಅಳತೆ ದೂರ, ಬ್ಯಾಕ್‌ಹ್ಯಾಂಡ್ ಮೂಲೆಯ ಕಡೆಗೆ ಸ್ವಲ್ಪ ಸರಿದು, ಮಂಡಿ ಬಗ್ಗಿಸಿ, ಭಾರ ಪಾದದ ಮುಂಭಾಗದ ಮೇಲೆ. ಹಿಮ್ಮಡಿ ನೆಲಕ್ಕೆ ಅಂಟಿದ್ದರೆ ನೀವು ಗೋಡೆ. ಬ್ಯಾಟು ಮೇಜಿನ ಮಟ್ಟಕ್ಕಿಂತ ಮೇಲೆ, ಮೈ ಮುಂದೆ ಇರಲಿ. ಮುಂದಕ್ಕೆ ಹೋಗುವುದು ಸುಲಭ, ಹಿಂದಕ್ಕೆ ಹೋಗುವುದು ಕಷ್ಟ. ಅದಕ್ಕೇ ಲಾಂಗ್ ಸರ್ವ್‌ಗೆ ತಯಾರಾಗಿ ನಿಂತು ಶಾರ್ಟ್ ಬಂದರೆ ಒಳಗೆ ನುಗ್ಗಬೇಕು.

ಲಾಂಗೋ ಶಾರ್ಟೋ ಅಂತ ಮೊದಲೇ ಹೇಳುವ ಒಂದು ಗುರುತು ಇದೆ. ಸರ್ವ್ ಮಾಡಿದವರ ಕಡೆಯ ಮೊದಲ ಪುಟಿತ ನೋಡಿ. ಮೇಜು 2.74 ಮೀಟರ್ ಉದ್ದ. ವೇಗದ ಸರ್ವ್ ನೆಟ್ ದಾಟಿ ನಿಮ್ಮ ಕೊನೆಯ ಗೆರೆಯ ಹತ್ತಿರ ಬೀಳಬೇಕಾದರೆ ಅವರ ಕಡೆ ಅವರ ಗೆರೆಯ ಹತ್ತಿರವೇ ಮೊದಲು ಬೀಳಬೇಕು. ಶಾರ್ಟ್ ಸರ್ವ್ ಸಾಮಾನ್ಯವಾಗಿ ಅದಕ್ಕಿಂತ ಮುಂದೆ, ನೆಟ್ ಕಡೆಗೆ ಬೀಳುತ್ತದೆ. ಇದನ್ನು ಮರೆಮಾಚುವುದು ತುಂಬಾ ಕಷ್ಟ. ಕೈ ಸುಳ್ಳು ಹೇಳಬಹುದು, ಮೊದಲ ಪುಟಿತ ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಮತ್ತೆ, ವೇಗವಾಗಿ ಬಂದದ್ದಕ್ಕೆ ನೀವು ವೇಗ ಸೇರಿಸಬೇಕಾಗಿಲ್ಲ. ಹಿಂದಕ್ಕೆ ಬೀಸದೆ ಬ್ಯಾಟು ಮುಚ್ಚಿ (ಮುಖ ಮೇಜಿನ ಕಡೆ ವಾಲಿಸಿ) ಬ್ಲಾಕ್ ಮಾಡಿ, ಅಂದರೆ ಸುಮ್ನೆ ಅಡ್ಡ ಹಿಡಿಯಿರಿ, ಅಷ್ಟು ಸಾಕು. ಅದು ಅಭ್ಯಾಸವಾದ ಮೇಲೆ ಚಿಕ್ಕದಾಗಿ ಟಾಪ್‌ಸ್ಪಿನ್ ಹಾಕಿ. ನಿಜ ಹೇಳಬೇಕೆಂದರೆ ಲಾಂಗ್ ಸರ್ವ್ ನಿಮಗೆ ಬಂದ ಉಡುಗೊರೆ. ಶಾರ್ಟ್ ಸರ್ವ್‌ಗೆ ಪೂರ್ತಿ ಕೈ ಬೀಸಲು ಮೇಜು ಅಡ್ಡ ಬರುತ್ತದೆ, ಲಾಂಗ್ ಸರ್ವ್‌ಗೆ ಅಡ್ಡವೇ ಇಲ್ಲ. ಮೊದಲ ಎರಡು ಸಲ ನೀವು ಲೂಪ್ ಮಾಡಿ (ಜೋರು ಟಾಪ್‌ಸ್ಪಿನ್ ಹಾಕಿ) ವಾಪಸ್ ಕೊಟ್ಟರೆ, ಮೂರನೇ ಸಲ ಅವರು ಅದೇ ಸರ್ವ್ ಮಾಡಲು ಯೋಚಿಸುತ್ತಾರೆ.

ಪ್ರಶ್ನೆ: ನನಗೆ 15 ವರ್ಷ. ದೊಡ್ಡ ಆಟಗಾರರೆಲ್ಲ ಶಾರ್ಟ್ ಸರ್ವ್‌ಗೆ ಚಿಕಿಟಾ ಮಾಡುತ್ತಾರೆ. ಕೋಚ್ ಮಾತ್ರ ಪುಶ್ ಪುಶ್ ಅಂತಾರೆ. ಯಾರು ಸರಿ?

ಇಬ್ಬರೂ. ನಿಮ್ಮ ಕೋಚ್ ಸ್ವಲ್ಪ ಜಾಸ್ತಿ ಸರಿ.

ಚಿಕಿಟಾ ಅಂದರೆ ಬಾಳೆಹಣ್ಣಿನ ಹಾಗೆ ಬಾಗಿ ಹೋಗುವ ಬ್ಯಾಕ್‌ಹ್ಯಾಂಡ್ ಫ್ಲಿಕ್. ಚೆಕ್ ಆಟಗಾರ ಪೀಟರ್ ಕೋರ್ಬೆಲ್ ಇದನ್ನು ಆಟಕ್ಕೆ ತಂದವರು ಅಂತ ಹೆಸರು ಪಡೆದಿದ್ದಾರೆ. ಆದರೆ ಇದನ್ನು ಎಲ್ಲರೂ ಕಲಿಯಲೇಬೇಕು ಅನ್ನುವ ಹಾಗೆ ಮಾಡಿದ್ದು ಚೀನಾದ ಜಾಂಗ್ ಜಿಕೆ. 2011 ಮತ್ತು 2013ರ ವಿಶ್ವ ಚಾಂಪಿಯನ್, 2012ರ ಲಂಡನ್ ಒಲಿಂಪಿಕ್ಸ್ ಚಿನ್ನ. ಅಲ್ಲಿಯವರೆಗೆ ಶಾರ್ಟ್ ಸರ್ವ್ ಅಂದರೆ ಸರ್ವ್ ಮಾಡಿದವರಿಗೆ ಸುರಕ್ಷಿತ ಜಾಗ. ಜಾಂಗ್ ಮೇಜಿನ ಮೇಲೆಯೇ ಆಕ್ರಮಣ ಶುರು ಮಾಡಿ ಆ ಲೆಕ್ಕವನ್ನೇ ತಲೆಕೆಳಗು ಮಾಡಿದರು.

ಮಾಡುವುದು ಹೀಗೆ. ಬಲಗಾಲು ಒಳಗೆ. ಮೊಣಕೈ ಮುಂದಕ್ಕೆ ಮತ್ತು ಮೇಲಕ್ಕೆ, ಹೆಚ್ಚುಕಮ್ಮಿ ಭುಜದ ಹತ್ತಿರಕ್ಕೆ. ಬ್ಯಾಟಿನ ತುದಿ ಕೆಳಗೆ ಇಳಿದು ನಿಮ್ಮ ಹೊಟ್ಟೆಯ ಕಡೆ ತಿರುಗಿರಬೇಕು, ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಮಣಿಕಟ್ಟು ಸುತ್ತಿರಬೇಕು. ಚೆಂಡು ಪುಟಿದು ತುತ್ತತುದಿಯಲ್ಲಿ ಇರುವಾಗ ಕೀ ಬಿಚ್ಚಿ. ಮೊಣಕೈ ಅಲ್ಲೇ ಇರುತ್ತದೆ, ಮುಂಗೈ ಮತ್ತು ಮಣಿಕಟ್ಟು ಅದರ ಸುತ್ತ ಸುತ್ತುತ್ತವೆ. ಚೆಂಡಿನ ನಡು ಹಿಂಭಾಗಕ್ಕೆ ಬಡಿಯುವುದಲ್ಲ, ಪಕ್ಕಕ್ಕೆ ಉಜ್ಜುವುದು. ಪಕ್ಕದಿಂದ ಹೋದಾಗ ಬಂದ ಬ್ಯಾಕ್‌ಸ್ಪಿನ್‌ನ ಹಿಡಿತಕ್ಕೆ ನೇರವಾಗಿ ಸಿಗದೆ ನಿಮ್ಮದೇ ಸ್ಪಿನ್ ಹಾಕಬಹುದು, ಅದೇ ಇದರ ಲಾಭ.

ತೊಂದರೆ ಏನೆಂದರೆ, ಫೋರ್‌ಹ್ಯಾಂಡ್ ಕಡೆಗೆ ಬಂದ ಶಾರ್ಟ್ ಚೆಂಡಿಗೂ ಬ್ಯಾಕ್‌ಹ್ಯಾಂಡ್ ಹಿಡಿದು ಓಡುತ್ತೀರಿ. ಆಮೇಲೆ ಮೇಜಿನ ಅರ್ಧ ಭಾಗ ಖಾಲಿ. ನಿಮ್ಮ ಚಿಕಿಟಾ ಮೆತ್ತಗಿದ್ದರೆ ಬಂದದ್ದಕ್ಕಿಂತ ಎರಡು ಪಟ್ಟು ಜೋರಾಗಿ ವಾಪಸ್ ಬರುತ್ತದೆ. ಪುಶ್ ಇಲ್ಲದೆ ಚಿಕಿಟಾ ಮಾತ್ರ ಇದ್ದರೆ ಎದುರಿನವರಿಗೆ ಎರಡೇ ಪಾಯಿಂಟಿನಲ್ಲಿ ಗೊತ್ತಾಗುತ್ತದೆ, ಅವರು ಅಲ್ಲೇ ಕಾಯುತ್ತಾರೆ. ಒಳಗೆ ನುಗ್ಗುವುದನ್ನು ಒಂದೇ ತರಹ ಮಾಡಿ, ಕೊನೇ ಕ್ಷಣದಲ್ಲಿ ಕೆಲವೊಮ್ಮೆ ಚಿಕಿಟಾ, ಕೆಲವೊಮ್ಮೆ ಶಾರ್ಟ್ ಪುಶ್ ಅಂತ ಬದಲಿಸುವವರೇ ಅಪಾಯಕಾರಿ. ಆದ್ದರಿಂದ ಪುಶ್ ಕಲಿಯಿರಿ. ಕೋಚ್‌ಗೆ ನಾನು ಹೇಳಿದೆ ಅಂತ ಹೇಳಬೇಡಿ, ಅವರಿಗೆ ತಾವೇ ಹೇಳಿದ್ದು ಅನ್ನಿಸಲಿ.

ಪ್ರಶ್ನೆ: ನಮ್ಮ ಜೊತೆ ಆಡುವ ಒಬ್ಬರು ಅಂಗೈಯಿಂದಲೇ ಚೆಂಡನ್ನು ಸರಕ್ಕನೆ ಹೊಡೆಯುತ್ತಾರೆ. ಕೆಲವೊಮ್ಮೆ ಎಡಗೈ ಅಡ್ಡ ಇರುತ್ತದೆ, ಬ್ಯಾಟೇ ಕಾಣುವುದಿಲ್ಲ. ಇದು ಸರಿಯೇ?

ಸರಿಯಲ್ಲ. ಬಿಚ್ಚಿದ ಅಂಗೈ ಮೇಲೆ ಚೆಂಡು ಇರಬೇಕು. ಅಲ್ಲಿಂದ ಹೆಚ್ಚುಕಮ್ಮಿ ನೇರವಾಗಿ ಮೇಲಕ್ಕೆ, ಕನಿಷ್ಠ 16 ಸೆಂಟಿಮೀಟರ್ ಎಸೆಯಬೇಕು, ಅಂದರೆ ನೆಟ್‌ನ ಎತ್ತರಕ್ಕಿಂತ ತುಸು ಜಾಸ್ತಿ. ಕೆಳಗೆ ಇಳಿಯುವಾಗ ಮಾತ್ರ ಹೊಡೆಯಬೇಕು. ಚೆಂಡು ಮೇಜಿನ ಮಟ್ಟಕ್ಕಿಂತ ಮೇಲೆ, ಕೊನೆಯ ಗೆರೆಯ ಹಿಂದೆ ಇರಬೇಕು. ಎಸೆದ ತಕ್ಷಣ ಆ ಕೈ ಅಡ್ಡದಿಂದ ಸರಿಯಬೇಕು. ಚೆಂಡನ್ನು ಮೈಯಿಂದಲೋ ಬಟ್ಟೆಯಿಂದಲೋ ರಿಸೀವ್ ಮಾಡುವವರಿಗೆ ಕಾಣದಂತೆ ಮರೆಮಾಡುವಂತಿಲ್ಲ. ಅಂಪೈರ್ ಇದ್ದರೆ ಅನುಮಾನ ಬಂದ ಮೊದಲ ಸಲ ಎಚ್ಚರಿಕೆ ಕೊಡಬಹುದು, ಸ್ಪಷ್ಟವಾಗಿ ತಪ್ಪಾಗಿದ್ದರೆ ಎಚ್ಚರಿಕೆಯೂ ಇಲ್ಲದೆ ಪಾಯಿಂಟ್ ನಿಮ್ಮದು.

ಅಂಪೈರ್ ಇಲ್ಲದ ಕಡೆ ಆಟ ಶುರುವಾಗುವ ಮುಂಚೆಯೇ ನಗುತ್ತಾ ಹೇಳಿಬಿಡಿ. 8-9ರಲ್ಲಿ ಇರುವಾಗ ಹೇಳಿದರೆ ಅದು ಜಗಳ.

ಪ್ರಶ್ನೆ: ಎಡಗೈಯವರ ಸರ್ವ್ ಎಂದರೆ ಭಯ.

ಎಲ್ಲರಿಗೂ ಅಷ್ಟೇ, ಅಭ್ಯಾಸ ಕಮ್ಮಿ ಅಲ್ವಾ. ಅವರ ಪೆಂಡುಲಮ್ ಸರ್ವ್ ನಿಮ್ಮ ಫೋರ್‌ಹ್ಯಾಂಡ್ ಕಡೆಗೆ ಹೊರಕ್ಕೆ ಬಾಗುತ್ತಾ ಹೋಗುತ್ತದೆ. ಮಾಮೂಲಿ ಜಾಗಕ್ಕಿಂತ ಅರ್ಧ ಹೆಜ್ಜೆ ಬಲಕ್ಕೆ ನಿಲ್ಲಿ. ಸೂತ್ರ ಅದೇ: ಅವರ ಬ್ಯಾಟು ಹೊರಟದ್ದು ಅವರ ಎಡದಿಂದ, ಆದ್ದರಿಂದ ಗುರಿ ಅವರ ಎಡಕ್ಕೆ.

ಪ್ರಶ್ನೆ: ವಯಸ್ಸು 61. ಕಾಲೇಜಿನಲ್ಲಿ ಆಡುತ್ತಿದ್ದೆ, ಬಹಳ ವರ್ಷ ಬಿಟ್ಟು ಈಗ ಮತ್ತೆ ಶುರು ಮಾಡಿದ್ದೇನೆ. ಎಲ್ಲ ಬದಲಾಗಿದೆ. ಮಂಡಿ ಬಗ್ಗಿಸಿ ಒಳಗೆ ನುಗ್ಗಿ ಅಂತ ದಯವಿಟ್ಟು ಹೇಳಬೇಡಿ.

ಹೇಳುವುದಿಲ್ಲ ಸಾರ್.

ಬದಲಾದದ್ದು ನಿಜ, ಆದರೆ ಒಂದಷ್ಟು ನಿಮ್ಮ ಪರವಾಗಿಯೇ ಆಗಿದೆ. ನೀವು ಆಡುವಾಗ ಚೆಂಡು 38 ಮಿಲಿಮೀಟರ್ ಇತ್ತು, 2000ದಲ್ಲಿ 40 ಆಯಿತು. 2014ರಿಂದ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು. ದೊಡ್ಡ ಚೆಂಡು ಸ್ವಲ್ಪ ನಿಧಾನ, ಸ್ಪಿನ್ನೂ ಸ್ವಲ್ಪ ಕಮ್ಮಿ. 2002ರಲ್ಲಿ ಮರೆಮಾಡುವ ಸರ್ವ್ ನಿಷೇಧವಾಯಿತು. ಹಿಂದೆ ಮೈಯ ಹಿಂದೆ ಏನೋ ಮಾಡಿ ಕಳಿಸುತ್ತಿದ್ದರಲ್ಲ, ಅದು ಈಗ ಇಲ್ಲ. ನಿಮ್ಮ ವಿರುದ್ಧ ಆದದ್ದು ಒಂದು: 2001ರಲ್ಲಿ 21 ಪಾಯಿಂಟಿನ ಗೇಮ್ ಹೋಗಿ 11ರದ್ದು ಬಂತು. ಆಗ ಒಬ್ಬರು ಸತತವಾಗಿ ಐದು ಸರ್ವ್ ಮಾಡುತ್ತಿದ್ದರು, ಮೊದಲೆರಡು ಬಿಟ್ಟರೂ ಮೂರನೆಯದಕ್ಕೆ ಹೊಂದಿಕೊಳ್ಳಬಹುದಿತ್ತು. ಈಗ ಎರಡೇ. ಹೊಂದಿಕೊಳ್ಳುವ ಹೊತ್ತಿಗೆ ಸರ್ವ್ ನಿಮ್ಮ ಕೈಗೆ ಬಂದಿರುತ್ತದೆ, ಮತ್ತೆ ಅವರ ಕೈಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಅದಕ್ಕೆ ಪ್ರತಿ ಪಾಯಿಂಟ್ ಆದ ಮೇಲೆ ಚೆಂಡು ಹೆಕ್ಕಲು ಹೋಗುವಾಗ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳಿ: "ಮುಂಗೈ ತಿರುಗಿಸಿದ್ದು ಬ್ಯಾಕ್‌ಸ್ಪಿನ್, ಮೊಣಕೈ ಎತ್ತಿದ್ದು ಖಾಲಿ." ಈ ಗಮನಿಸುವ ಆಟದಲ್ಲಿ ಹುಡುಗರಿಗಿಂತ ನೀವು ಚುರುಕಾಗಿರಬಹುದು.

ಕಾಲಿನ ವಿಷಯ. ಮೇಜಿಗೆ ತುಸು ಹತ್ತಿರ ನಿಂತು, ಶಾರ್ಟ್ ಸರ್ವ್‌ಗೆ ಪೂರ್ತಿ ಹೆಜ್ಜೆಯ ಬದಲು ಅರ್ಧ ಹೆಜ್ಜೆ ಇಡಿ. ಲಾಂಗ್ ಸರ್ವ್‌ಗೆ ಬ್ಲಾಕ್ ಮಾತ್ರ ಸಾಕು, ಬೀಸುವುದೇ ಬೇಡ. ರಿಟರ್ನ್ ಆದಷ್ಟು ಉದ್ದಕ್ಕೆ, ಅವರ ಮೊಣಕೈಗೆ. ಅಗಲದ ಮೂಲೆಗಳಿಗೆ ಕಳಿಸಿದರೆ ಅವರೂ ಅಗಲದ ಮೂಲೆಗೆ ಕಳಿಸುತ್ತಾರೆ, ಆಗ ಓಡಬೇಕಾದವರು ನೀವು. ಮಧ್ಯಕ್ಕೆ ಕಳಿಸಿದರೆ ಅವರಿಗೂ ದೊಡ್ಡ ಕೋನ ಸಿಗುವುದಿಲ್ಲ. ಮಂಡಿ ನೋವಿದ್ದರೆ ಆಟಕ್ಕೆ ಮುಂಚೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ, ಅದು ನನ್ನ ಕೆಲಸವಲ್ಲ.

ಪ್ರಶ್ನೆ: ಬ್ಯಾಟಿನ ಒಂದು ಕಡೆ ಉದ್ದನೆಯ ಪಿಂಪಲ್ಸ್ (ಹೊರಗೆ ಎದ್ದ ಚಿಕ್ಕ ಗುಬುಟುಗಳು) ರಬ್ಬರು ಇರುವವರು ಸರ್ವ್ ಮಾಡುವಾಗ ಬ್ಯಾಟು ತಿರುಗಿಸುತ್ತಾರೆ. ಯಾವ ಕಡೆಯಿಂದ ಹೊಡೆದರು ಅಂತ ತಿಳಿಯುವುದು ಹೇಗೆ?

ಬಣ್ಣದಿಂದ. ಬ್ಯಾಟಿನ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪಿನಂಥ ಬೇರೆ ಎದ್ದು ಕಾಣುವ ಬಣ್ಣ ಇರಲೇಬೇಕು ಅನ್ನುವ ನಿಯಮ ಇರುವುದೇ ಇದಕ್ಕೆ. ಆಟಕ್ಕೆ ಮುಂಚೆ ಅವರ ಬ್ಯಾಟು ಕೈಗೆ ತೆಗೆದುಕೊಂಡು ನೋಡುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಬೆರಳಿನಿಂದ ಸವರಿ ಯಾವ ಬಣ್ಣ ಯಾವ ರಬ್ಬರು ಅಂತ ನೆನಪಿಟ್ಟುಕೊಳ್ಳಿ. ಉದ್ದನೆಯ ಪಿಂಪಲ್ಸ್‌ನಿಂದ ಬಂದ ಸರ್ವ್‌ನಲ್ಲಿ ಹೆಚ್ಚು ಸ್ಪಿನ್ ಇರುವುದಿಲ್ಲ, ಕೈ ಎಷ್ಟೇ ಜೋರಾಗಿ ಬೀಸಿರಲಿ. ಖಾಲಿ ಚೆಂಡಿಗೆ ಮೇಲೆ ಹೇಳಿದ ಉಪಾಯವೇ ಇದಕ್ಕೂ.

ಪ್ರಶ್ನೆ: ಕೋಚ್ ಇಲ್ಲ. ಒಬ್ಬ ಗೆಳೆಯ, ಒಂದು ಮೇಜು, ವಾರಕ್ಕೆ ಎರಡು ಸಲ ಒಂದೊಂದು ಗಂಟೆ. ರಿಸೀವ್ ಅಭ್ಯಾಸ ಹೇಗೆ?

ಮೊದಲ ಹತ್ತು ನಿಮಿಷ ಹೊಡೆಯಲೇಬೇಡಿ. ಗೆಳೆಯ ಸರ್ವ್ ಮಾಡಲಿ, ನೀವು ಬ್ಯಾಟು ಕೆಳಗಿಟ್ಟು ನಿಂತು ಬಾಯಿಬಿಟ್ಟು ಹೇಳಿ: "ಕೆಳಗೆ", "ಖಾಲಿ", "ಪಕ್ಕ", "ಮೇಲೆ". ಚೆಂಡು ನೆಟ್ ದಾಟುವ ಮುಂಚೆ ಹೇಳಬೇಕು, ದಾಟಿದ ಮೇಲೆ ಹೇಳಿದರೆ ಲೆಕ್ಕಕ್ಕಿಲ್ಲ. ಗೆಳೆಯ ಸರಿಯೋ ತಪ್ಪೋ ಅಂತ ಹೇಳಲಿ. ಮೊದಲ ದಿನ ನಗು ಬರುತ್ತದೆ, ಯಾಕೆಂದರೆ ಅರ್ಧಕ್ಕರ್ಧ ತಪ್ಪು ಹೇಳುತ್ತೀರಿ. ನಾನು ಹೀಗೆ ಬೆಂಚಿನ ಮೇಲೆ ಕೂತು ಬೇರೆಯವರ ಮ್ಯಾಚಿನಲ್ಲೂ ಮಾಡುತ್ತಿದ್ದೆ, ಬಾಯಿಬಿಟ್ಟು ಹೇಳಿ ಒಂದೆರಡು ಸಲ ಬೈಸಿಕೊಂಡಿದ್ದೇನೆ. ನೀವು ಅಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ.

ಆಮೇಲೆ ಒಂದೇ ಸರ್ವ್, ಒಂದೇ ಜಾಗಕ್ಕೆ, ಇಪ್ಪತ್ತು ಸಲ. ನೀವು ಪ್ರತಿ ಸಲ ಒಂದೇ ಕಡೆಗೆ ವಾಪಸ್ ಕಳಿಸಿ. ಬೇಜಾರಿನ ಕೆಲಸ, ಆದರೆ ಕೈಗೆ ಕೋನ ಗೊತ್ತಾಗುವುದು ಇಲ್ಲೇ. ಅದಾದ ಮೇಲೆ ಎರಡು ಸರ್ವ್, ಒಂದು ಬ್ಯಾಕ್‌ಸ್ಪಿನ್ ಒಂದು ಖಾಲಿ, ಯಾವುದು ಅಂತ ಹೇಳದೆ. ಈ ಎರಡನ್ನು ಬೇರೆ ಮಾಡಲು ಬಂದರೆ ನಿಮ್ಮ ತೊಂದರೆಯ ದೊಡ್ಡ ಪಾಲು ಕಳೆದ ಹಾಗೆ.

ಕೊನೆಗೆ ಆಟ. ಆದರೆ ನಿಯಮ ಸ್ವಲ್ಪ ಬದಲಿಸಿ: ಸರ್ವ್ ಮಾಡಿದವರು ಗೆದ್ದರೆ ಒಂದು ಪಾಯಿಂಟ್, ರಿಸೀವ್ ಮಾಡಿದವರು ಗೆದ್ದರೆ ಎರಡು. ಆಗ ನೋಡಿ ಇಬ್ಬರಿಗೂ ರಿಸೀವ್ ಮೇಲೆ ಹೇಗೆ ಪ್ರೀತಿ ಬರುತ್ತದೆ ಅಂತ. ಇನ್ನೊಂದು, ಗೆಳೆಯನ ಸರ್ವ್ ಎಲ್ಲ ಬಾಯಿಪಾಠ ಆದ ಮೇಲೆ ಬೇರೆಯವರ ಜೊತೆಯೂ ಆಡಿ. ಒಬ್ಬರದ್ದೇ ಸರ್ವ್ ತಿರುಗಿಸುವವರು ಆ ಒಬ್ಬರ ಎದುರು ಮಾತ್ರ ಚೆನ್ನಾಗಿ ಆಡುತ್ತಾರೆ.

ಪ್ರಶ್ನೆ: 9-9 ಆದಾಗ ಚೆನ್ನಾಗಿ ಗೊತ್ತಿರುವ ಸರ್ವ್ ಕೂಡ ನೆಟ್‌ಗೆ ಹಾಕುತ್ತೇನೆ. ಇದಕ್ಕೆ ಮದ್ದು ಇದೆಯೇ?

ಆ ಹೊತ್ತಿಗೆ ಕೈ ಗಟ್ಟಿಯಾಗಿರುತ್ತದೆ. ನಿಮ್ಮ ಹೆಬ್ಬೆರಳು ನೋಡಿ, ತುದಿ ಬಿಳಿಚಿಕೊಂಡಿರುತ್ತದೆ. ರಿಸೀವ್‌ಗೆ ನಿಲ್ಲುವ ಮುಂಚೆ ಬ್ಯಾಟನ್ನು ಎಡಗೈಗೆ ಕೊಟ್ಟು ಬಲಗೈ ಒಂದು ಸಲ ಕೊಡವಿ, ಉಸಿರು ಬಿಟ್ಟು, ಆಮೇಲೆ ಹಿಡಿಯಿರಿ.

ಇನ್ನೊಂದು ಕಾರಣ, ಆ ಪಾಯಿಂಟನ್ನು ರಿಟರ್ನ್‌ನಲ್ಲೇ ಗೆದ್ದುಬಿಡಬೇಕು ಅಂತ ಹೊರಡುತ್ತೀರಿ. ರಿಟರ್ನ್ ಮಾಡುವ ಕೆಲಸ ಅಷ್ಟು ದೊಡ್ಡದಲ್ಲ, ಅವರ ಮೂರನೇ ಚೆಂಡನ್ನು ಕೆಡಿಸಿದರೆ ಸಾಕು. 9-9ರಲ್ಲಿ ಅವರಿಗೂ ಹೆದರಿಕೆ ಇರುತ್ತದೆ, ಆದ್ದರಿಂದ ಸಾಮಾನ್ಯವಾಗಿ ಆ ಗೇಮಿನಲ್ಲಿ ಆಗಲೇ ಕೆಲಸ ಮಾಡಿದ ಸರ್ವ್ ಅನ್ನೇ ಮಾಡುತ್ತಾರೆ, ಹೊಸ ಪ್ರಯೋಗಕ್ಕೆ ಹೋಗುವವರು ಕಮ್ಮಿ. ಯಾವ ಸರ್ವ್‌ನಲ್ಲಿ ನಿಮ್ಮಿಂದ ಪಾಯಿಂಟ್ ಕಿತ್ತರು ಅಂತ ನೆನಪು ಮಾಡಿಕೊಳ್ಳಿ, ಅದಕ್ಕೆ ತಯಾರಾಗಿ ನಿಲ್ಲಿ. ಬೇರೆ ಏನಾದರೂ ಬಂದರೆ ಉದ್ದಕ್ಕೆ, ಮೊಣಕೈಗೆ.